ಇಳಿಯುವ ಮುನ್ನ

ಜ್ಯಾಕ್ಸನ್ ಹೈಟ್ಸ್‌ನ 74ನೇ ಬೀದಿಗೆ ಒಮ್ಮೆಯಾದರೂ ಬಾರದ ಕನ್ನಡಿಗರು ನಮ್ಮ ನ್ಯೂಯಾರ್ಕ್-ನ್ಯೂಜೆರ್ಸಿ ಸೀಮೆಯಲ್ಲಿ ಸಿಗುವುದು ಕಷ್ಟ. ಎಡಿಸನ್ನಿನ ಓಕ್ ಟ್ರೀ ರಸ್ತೆ ಈಗಿನಷ್ಟು ಬೆಳೆಯುವ ಮುಂಚೆ ತೊಗರಿಬೇಳೆ, ಕರಿಬೇವು, ಹಬ್ಬಕ್ಕೆ ಸೀರೆ ಎಲ್ಲದಕ್ಕೂ ಇಲ್ಲಿಗೇ ಬರಬೇಕಾಗಿತ್ತು. ನಾವಂತೂ ಇಲ್ಲೇ ಮನೆ ಮಾಡಿದವರು. ರೂಸ್‌ವೆಲ್ಟ್ ಅವೆನ್ಯೂ ಮೇಲೆ ಏಳನೇ ನಂಬರಿನ ರೈಲಿನ ಗಡಗಡ ಸದ್ದು, ಅದರ ಮೇಲೆ ವಿಮಾನದ ಸದ್ದು. ಎರಡೂ ಕಿವಿಗೆ ಒಗ್ಗಿಹೋಗಿವೆ. ಬಂದ ನೆಂಟರು ಬೆಚ್ಚಿಬಿದ್ದಾಗಲೇ "ಓ, ವಿಮಾನ ಹೋಯ್ತು" ಎಂದು ನಮಗೂ ಗೊತ್ತಾಗುವುದು.

ಈಶಾನ್ಯದ ಗಾಳಿ ಬೀಸುವ ದಿನ ಲಗ್ವಾರ್ಡಿಯಾಕ್ಕೆ ಇಳಿಯುವ ವಿಮಾನಗಳು ನಮ್ಮ ಕಡೆಯಿಂದಲೇ ಬರುತ್ತವೆ. ನಮ್ಮ ಬೀದಿಯ ಹತ್ತಿರ ಬರುವ ಹೊತ್ತಿಗೆ ಅವಕ್ಕೆ ನೆಲ ಮುಟ್ಟಲು ಎರಡು ಮೈಲಿಯೂ ಉಳಿದಿರುವುದಿಲ್ಲ. ಹೋದ ವರ್ಷ ಅಂಥ ಒಂದು ದಿನ, ಎರಡೂ ಕೈಯಲ್ಲಿ ದಿನಸಿ ಚೀಲ ಹಿಡಿದು ಬರುತ್ತಿದ್ದಾಗ ಮಗಳು ನಿಂತು ತಲೆ ಎತ್ತಿದಳು.

"ಅಪ್ಪ, ಮೇಲೆ ನೋಡು. ಚಕ್ರ ಇಳಿದಿದೆ, ಫ್ಲ್ಯಾಪ್ ಇಳಿದಿದೆ. ಇಲ್ಲಿಗೆ ಬರೋ ಹೊತ್ತಿಗೆ ಅವರ ತಯಾರಿ ಎಲ್ಲಾ ಮುಗಿದಿರಬೇಕು. ಮುಗಿದಿಲ್ಲ ಅಂದ್ರೆ ಇಳೀಬಾರದು."

ಇಪ್ಪತ್ತೈದು ವರ್ಷದಿಂದ ತಲೆಯ ಮೇಲೆ ಹಾರುತ್ತಿದ್ದ ವಿಮಾನಗಳನ್ನು ನಾನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಹದಿನೇಳು ತುಂಬಿದ ಮಗಳು ಆಗ ವಿಮಾನ ಹಾರಿಸಲು ಕಲಿಯುತ್ತಿದ್ದಳು. ಅವಳ ಜೊತೆ ನಾನು ಕಲಿತದ್ದನ್ನು ನಮ್ಮ ಕೂಟದ ಬಂಧುಗಳೊಂದಿಗೆ ಹಂಚಿಕೊಳ್ಳಬೇಕೆನಿಸಿ ಈ ನಾಲ್ಕು ಮಾತು.

ಬೇಳೆ ಅಂಗಡಿಗೂ ಮುಂಚೆ

ನಮ್ಮವರು ಇಲ್ಲಿ ಅಂಗಡಿ ತೆರೆಯುವುದಕ್ಕೆ ನಾಲ್ಕು ದಶಕ ಮೊದಲೇ ಜ್ಯಾಕ್ಸನ್ ಹೈಟ್ಸ್ ವಿಮಾನದ ಊರಾಗಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1929ರಲ್ಲಿ ಇಲ್ಲಿ ಹೋಮ್ಸ್ ಏರ್‌ಪೋರ್ಟ್ ಎಂಬ ನಿಲ್ದಾಣ ಶುರುವಾಯಿತು. ಸುಮಾರು 220 ಎಕರೆ ಜಾಗ. ಗುಡ್‌ಇಯರ್ ಕಂಪನಿಯ ದೊಡ್ಡ ಬಲೂನಿನಂಥ ವಾಯುನೌಕೆಗಳೂ ಇಲ್ಲಿ ಇಳಿಯುತ್ತಿದ್ದವು. 1939ರಲ್ಲಿ ಪಕ್ಕದಲ್ಲೇ ನಗರದ ದೊಡ್ಡ ನಿಲ್ದಾಣ ಲಗ್ವಾರ್ಡಿಯಾ ತೆರೆಯಿತು, ಮರುವರ್ಷವೇ ಹೋಮ್ಸ್ ಮುಚ್ಚಿತು. ಆಸ್ಟೋರಿಯಾ ಬುಲೆವಾರ್ಡಿನ ಬುಲೋವಾ ಕಟ್ಟಡದ ಆಸುಪಾಸಿನಲ್ಲಿ ಹಿಂದೆ ವಿಮಾನ ಇಳಿಯುತ್ತಿತ್ತು ಎಂದರೆ ಈಗ ನಂಬುವುದು ಕಷ್ಟ.

ಲಗ್ವಾರ್ಡಿಯಾದ ಬೇಲಿಗೆ ಹತ್ತಿಕೊಂಡಂತೆ, 23ನೇ ಅವೆನ್ಯೂದಲ್ಲಿ ವಾನ್ ಕಾಲೇಜು ಇದೆ. 1932ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ ಹುಟ್ಟಿದ ವಿಮಾನವಿದ್ಯೆಯ ಶಾಲೆ ಇದು. ಲಗ್ವಾರ್ಡಿಯಾ ಬಂದಮೇಲೆ ಇಲ್ಲಿಗೆ ಬಂತು, 2004ರಲ್ಲಿ ಸ್ಥಾಪಕರಲ್ಲೊಬ್ಬರಾದ ಜಾರ್ಜ್ ವಾನ್ ಅವರ ಹೆಸರು ಪಡೆಯಿತು. ಮಗಳು ಶಾಲೆಯ ಬಸ್ಸಿನಿಂದ ಈ ಕಾಲೇಜನ್ನು ನೋಡಿ ನೋಡಿಯೇ ಹುಚ್ಚು ಹಿಡಿಸಿಕೊಂಡಳೋ, ನನ್ನ ರಕ್ತದಲ್ಲೇ ಅದು ಇತ್ತೋ ಹೇಳಲಾರೆ. ಏಕೆಂದರೆ ನಾನು ಯಲಹಂಕದ ಹುಡುಗ. ಜಕ್ಕೂರಿನ ಸರ್ಕಾರಿ ಹಾರಾಟ ತರಬೇತಿ ಶಾಲೆ ನಮ್ಮ ಮನೆಯಿಂದ ಸೈಕಲ್ ದೂರ. ಬಳ್ಳಾರಿ ರಸ್ತೆಯ ಬೇಲಿಯ ಬಳಿ ಸೈಕಲ್ ಒರಗಿಸಿ, ಎಚ್‌ಎಎಲ್ ಕಟ್ಟಿದ ಪುಷ್ಪಕ ವಿಮಾನಗಳು ಸುತ್ತಿ ಸುತ್ತಿ ಇಳಿಯುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಇಳಿದಂತೆ ಮಾಡಿ ಮತ್ತೆ ಮೇಲೆ ಹೋದರೆ ನಾವು ಹುಡುಗರು "ಹೋಯ್! ಇವನಿಗೆ ಬರಲ್ಲ ಕಣೋ!" ಎಂದು ಕೇಕೆ ಹಾಕುತ್ತಿದ್ದೆವು. ಆ ಕೇಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಜ್ಜಿಯ ಚೆಕ್‌ಲಿಸ್ಟ್

ಮೊಮ್ಮಗಳು ವಿಮಾನ ಕಲಿಯುತ್ತಾಳೆಂದು ಫೋನಿನಲ್ಲಿ ಹೇಳಿದಾಗ ನನ್ನ ಅಮ್ಮ ಕೇಳಿದ ಮೊದಲ ಪ್ರಶ್ನೆ: "ಅಲ್ವೋ, ಕಾರು ಓಡಿಸೋಕೇ ಇನ್ನೂ ನೆಟ್ಟಗೆ ಬರಲ್ಲ ಅಂತಿದ್ದೆ?"

ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಕಾನೂನಿನಂತೆ ಹದಿನಾರಕ್ಕೆ ಒಬ್ಬರೇ ವಿಮಾನ ಹಾರಿಸಬಹುದು, ಹದಿನೇಳಕ್ಕೆ ಪ್ರೈವೇಟ್ ಪೈಲಟ್ ಲೈಸೆನ್ಸು ಪಡೆಯಬಹುದು. ಅದಕ್ಕೆ ಕನಿಷ್ಠ 40 ಗಂಟೆ ಹಾರಾಟ ಬೇಕು. ಅದರಲ್ಲಿ 20 ಗಂಟೆಯಾದರೂ ಇನ್‌ಸ್ಟ್ರಕ್ಟರ್ ಜೊತೆ, 10 ಗಂಟೆಯಾದರೂ ಒಬ್ಬರೇ. ಬಹುತೇಕರಿಗೆ 40ರಲ್ಲಿ ಮುಗಿಯುವುದಿಲ್ಲ, ಜೇಬಿಗೆ ಆ ಲೆಕ್ಕ ಮೊದಲೇ ಗೊತ್ತಿರಲಿ. ಮನೆಯಲ್ಲಿ ಯಾರಾದರೂ ಕಲಿಯುವ ಆಸೆಯಿಟ್ಟುಕೊಂಡಿದ್ದರೆ ಇನ್ನೆರಡು ಮಾತು. ದುಡ್ಡು ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಮತ್ತು ಅಮೆರಿಕದ ಪೌರರಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸೇರಿ, ಈ ತರಬೇತಿಗೆ ಮುಂಚೆ ಸಾರಿಗೆ ಭದ್ರತಾ ಇಲಾಖೆಯ ಅನುಮತಿ ಪಡೆಯಬೇಕು.

ಮಗಳ ತರಗತಿ ಲಾಂಗ್ ಐಲೆಂಡಿನ ಫಾರ್ಮಿಂಗ್‌ಡೇಲ್‌ನಲ್ಲಿರುವ ರಿಪಬ್ಲಿಕ್ ಏರ್‌ಪೋರ್ಟಿನಲ್ಲಿ, ಶನಿವಾರ ಬೆಳಿಗ್ಗೆ. ಇನ್‌ಸ್ಟ್ರಕ್ಟರ್ ಅರವತ್ತು ದಾಟಿದವರು. ಹೆಚ್ಚು ಮಾತಿಲ್ಲ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ನಾನು ಮನಸ್ಸಿನಲ್ಲೇ ಅವರಿಗೆ "ಮೇಷ್ಟ್ರು" ಎಂದು ಹೆಸರಿಟ್ಟೆ. ಒಂದು ಶನಿವಾರ ಅವರೇ "ಹಿಂದಿನ ಸೀಟು ಖಾಲಿ ಇದೆ, ಬರ್ತೀರಾ?" ಎಂದರು. ನಾಲ್ಕು ಸೀಟಿನ ಹಳೆಯ ಸೆಸ್ನಾ 172. ಒಳಗೆ ಕೂತರೆ ನಮ್ಮ ಹಳೆಯ ಫಿಯಟ್ ಕಾರಿನ ನೆನಪು. ಎಡಗಡೆ ಮಗಳು, ಬಲಗಡೆ ಮೇಷ್ಟ್ರು, ಹಿಂದೆ ನಾನು, ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ.

ಇಳಿಯುವುದನ್ನು ಕಲಿಯಲು ರನ್‌ವೇಯ ಸುತ್ತ ಮತ್ತೆ ಮತ್ತೆ ಸುತ್ತಬೇಕು. ರನ್‌ವೇಯನ್ನು ಒಂದು ಬದಿ ಮಾಡಿಕೊಂಡು ಆಕಾಶದಲ್ಲಿ ಒಂದು ಆಯತ ಎಳೆದಂತೆ. ಸಾಮಾನ್ಯವಾಗಿ ಎಡಕ್ಕೇ ತಿರುಗುತ್ತಾರೆ, ಎಡ ಸೀಟಿನಲ್ಲಿ ಕೂತ ಪೈಲಟ್‌ಗೆ ರನ್‌ವೇ ಕಾಣುತ್ತಿರಲೆಂದು. ದೇವಸ್ಥಾನದ ಪ್ರದಕ್ಷಿಣೆಗೆ ಇದು ಉಲ್ಟಾ! ನೆಲದಿಂದ ಸುಮಾರು ಸಾವಿರ ಅಡಿ ಎತ್ತರದಲ್ಲಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ರನ್‌ವೇಗೆ ಸಮಾನಾಂತರವಾಗಿ ಹೋಗುವ ಭಾಗಕ್ಕೆ ಡೌನ್‌ವಿಂಡ್ ಎನ್ನುತ್ತಾರೆ. ಇಳಿಯುವ ಮುನ್ನಿನ ತಪಾಸಣೆ ನಡೆಯುವುದು ಇಲ್ಲಿ. ಏಕೆಂದರೆ ಇಲ್ಲಿ ಇನ್ನೂ ಪುರುಸೊತ್ತು ಇರುತ್ತದೆ. ಆಮೇಲಿನ ಎರಡು ತಿರುವುಗಳಲ್ಲಿ ಕಣ್ಣು ಹೊರಗೇ ಇರಬೇಕು.

ತಪಾಸಣೆಗೆ ಇಲ್ಲಿನ ವಿದ್ಯಾರ್ಥಿಗಳು ಹೇಳಿಕೊಳ್ಳುವ ಮಂತ್ರ "ಗಂಪ್ಸ್". ಐದು ಮಾತುಗಳ ಮೊದಲಕ್ಷರ ಸೇರಿಸಿದ್ದು. ಬ್ರಿಟಿಷ್ ಸಂಪ್ರದಾಯದ ಶಾಲೆಗಳಲ್ಲಿ ಇದೇ ಕೆಲಸಕ್ಕೆ "ಬಂಪ್" ಎಂದು ಬ್ರೇಕಿನಿಂದ ಶುರುವಾಗುವ ಬೇರೆ ಮಂತ್ರವಿದೆ. ಮಂತ್ರ ಯಾವುದಾದರೂ ದೇವರು ಒಂದೇ.

ಮೊದಲನೆಯದು ಗ್ಯಾಸ್, ಅಂದರೆ ಪೆಟ್ರೋಲು. ಸೆಸ್ನಾದಲ್ಲಿ ಎರಡು ರೆಕ್ಕೆಗಳಲ್ಲಿ ಎರಡು ಟ್ಯಾಂಕು. ನೆಲದ ಹತ್ತಿರವಿರುವ ತಿರುಗುಗುಬ್ಬಿ "ಎರಡೂ" ಎಂಬಲ್ಲಿರಬೇಕು. ಎರಡನೆಯದು ಅಂಡರ್‌ಕ್ಯಾರೇಜ್, ಚಕ್ರ. ಮೂರನೆಯದು ಮಿಕ್ಸ್ಚರ್, ಎಂಜಿನಿಗೆ ಹೋಗುವ ಗಾಳಿ-ಪೆಟ್ರೋಲಿನ ಹದ. ಮೇಲೆ ಗಾಳಿ ತೆಳು, ಅದಕ್ಕೆ ಪೆಟ್ರೋಲು ಕಡಿಮೆ ಮಾಡಿರುತ್ತಾರೆ. ಇಳಿಯುವ ಮೊದಲು ಮತ್ತೆ ಹೆಚ್ಚಿಸಬೇಕು. ನಾಲ್ಕನೆಯದು ಪ್ರೊಪೆಲ್ಲರ್. ಐದನೆಯದು ಸ್ವಿಚ್ಚು ಮತ್ತು ಸೀಟ್‌ಬೆಲ್ಟು. ಇಂಥ ಹಳೆಯ ಕಾರ್ಬುರೇಟರ್ ಎಂಜಿನಿಗೆ ಇನ್ನೊಂದು ಸೇರುತ್ತದೆ. ಎಂಜಿನಿನ ವೇಗ ಇಳಿಸುವ ಮೊದಲು ಕಾರ್ಬುರೇಟರಿಗೆ ಬಿಸಿಗಾಳಿ ಕೊಡಬೇಕು. ತೇವ ತುಂಬಿದ ಗಾಳಿಯಲ್ಲಿ, ಹೊರಗೆ 20 ಡಿಗ್ರಿ ಬೆಚ್ಚಗಿದ್ದರೂ, ಅದರೊಳಗೆ ಮಂಜುಗಡ್ಡೆ ಕಟ್ಟಿಕೊಂಡು ಎಂಜಿನ್ ಉಸಿರುಗಟ್ಟಬಹುದು.

ನಮ್ಮ ಸೆಸ್ನಾದ ಚಕ್ರ ಮಡಚುವಂಥದ್ದಲ್ಲ, ಸದಾ ಇಳಿದೇ ಇರುತ್ತದೆ. ಪ್ರೊಪೆಲ್ಲರ್ ಕೂಡ ಬದಲಾಯಿಸಲು ಬಾರದಂಥದ್ದು. ಆದರೂ ಮಗಳು ಪ್ರತಿ ಸುತ್ತಿನಲ್ಲೂ ತಲೆ ಹೊರಳಿಸಿ ನೋಡಿ "ಚಕ್ರ ಇಳಿದಿದೆ" ಎನ್ನುತ್ತಿದ್ದಳು. ಇದೇನು ಹುಚ್ಚಾಟ ಎಂದು ನನಗೆ ನಗು ಬಂತು. ಮೇಷ್ಟ್ರು ಹಿಂದಕ್ಕೆ ತಿರುಗದೆಯೇ ಹೇಳಿದರು: "ನಾಳೆ ಇವಳು ಚಕ್ರ ಮಡಚುವ ವಿಮಾನ ಹಾರಿಸ್ತಾಳೆ. ಆ ದಿನ ಹೊಸದಾಗಿ ನೆನಪಿಟ್ಟುಕೊಳ್ಳೋಕೆ ಆಗಲ್ಲ."

ಮೂರನೇ ಸುತ್ತಿನಲ್ಲಿ ಒಂದು ಘಟನೆ ನಡೆಯಿತು. ಮಗಳು ಗುಬ್ಬಿ ಮುಟ್ಟಿ "ಪೆಟ್ರೋಲ್, ಎರಡೂ" ಎಂದಳು. ಮೇಷ್ಟ್ರು "ಹೌದಾ?" ಎಂದರು. ಅವಳು ಬಗ್ಗಿ ನೋಡಿದರೆ ಗುಬ್ಬಿ "ಎಡ" ಎಂಬಲ್ಲಿತ್ತು. ಯಾವಾಗಲೋ ಮೇಷ್ಟ್ರೇ ಸದ್ದಿಲ್ಲದೆ ತಿರುಗಿಸಿದ್ದರು! ಅಪಾಯವೇನೂ ಇರಲಿಲ್ಲ, ಎಡ ಟ್ಯಾಂಕು ತುಂಬಿತ್ತು. ಆದರೆ ಕೈ ಮುಟ್ಟಿತ್ತು, ಬಾಯಿ ಹೇಳಿತ್ತು, ಕಣ್ಣು ಮಾತ್ರ ನೋಡಿರಲಿಲ್ಲ. ಮಗಳ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಂಡಿತು.

ಆಗ ನನಗೆ ನೆನಪಾದದ್ದು ಅಮ್ಮ. ತಿರುಪತಿಗೋ ಧರ್ಮಸ್ಥಳಕ್ಕೋ ಹೊರಟಾಗ ಆಟೋ ಬಾಗಿಲಲ್ಲಿ ನಿಂತಿದ್ದರೂ ಅವಳು ಒಳಗೆ ಹೋಗಿ ಸಿಲಿಂಡರ್, ನಲ್ಲಿ, ದೇವರ ದೀಪ, ಹಿಂಬಾಗಿಲು ಎಂದು ಒಂದೊಂದನ್ನೂ ಮುಟ್ಟಿ ನೋಡಿ ಬರುತ್ತಿದ್ದಳು. ಕೊನೆಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಿದ್ದಳು. ಅಪ್ಪ ರೇಗುತ್ತಿದ್ದರು. "ಹಾಕಿದೀನಿ ಅಂತ ಅನ್ನಿಸೋದು ಬೇರೆ, ಹಾಕಿರೋದು ಬೇರೆ" ಎನ್ನುತ್ತಿದ್ದಳು ಅಮ್ಮ. ಆ ಶನಿವಾರ ಮೇಷ್ಟ್ರು ಕಲಿಸಿದ್ದೂ ಅದನ್ನೇ.

ಪಟ್ಟಿ ಹುಟ್ಟಿದ ಕಥೆ

ವಿಮಾನದ ಚೆಕ್‌ಲಿಸ್ಟ್ ಹುಟ್ಟಿದ ಹಿಂದೆ ಒಂದು ದುರಂತವಿದೆ. 1935ರ ಅಕ್ಟೋಬರ್ 30ರಂದು ಒಹಾಯೋದ ಡೇಟನ್ ಬಳಿ ಬೋಯಿಂಗ್ ಕಂಪನಿಯ ಮಾಡೆಲ್ 299 ಎಂಬ ನಾಲ್ಕು ಎಂಜಿನಿನ ಹೊಸ ವಿಮಾನದ ಪರೀಕ್ಷೆ ನಡೆಯಿತು. ಹಾರಿಸಿದವರು ನುರಿತ ಪರೀಕ್ಷಾ ಪೈಲಟ್‌ಗಳು. ನಿಂತ ವಿಮಾನದ ಬಾಲ-ರೆಕ್ಕೆಗಳು ಗಾಳಿಗೆ ಅಲ್ಲಾಡದಂತೆ ಹಾಕುವ ಅಗುಳಿಯನ್ನು ತೆಗೆಯಲು ಅವರು ಮರೆತಿದ್ದರು. ವಿಮಾನ ಏರಿ, ಮೂಗು ಮೇಲೆತ್ತಿ, ಬಿದ್ದು ಉರಿಯಿತು. ಇಬ್ಬರು ಪ್ರಾಣ ಕಳೆದುಕೊಂಡರು.

ಪೈಲಟ್‌ಗಳಿಗೆ ಬುದ್ಧಿ ಕಡಿಮೆಯಿತ್ತೆಂದು ಯಾರೂ ಹೇಳುವಂತಿರಲಿಲ್ಲ. ಒಬ್ಬ ಮನುಷ್ಯ ನೆನಪಿಟ್ಟುಕೊಳ್ಳಲಾಗದಷ್ಟು ಕೆಲಸ ಆ ವಿಮಾನದಲ್ಲಿತ್ತು. ಅದಕ್ಕೆ ಸೇನೆಯ ಪೈಲಟ್‌ಗಳು ಏರುವ ಮುಂಚೆ, ಇಳಿಯುವ ಮುಂಚೆ ನೋಡಬೇಕಾದ್ದನ್ನು ಬರೆದಿಟ್ಟುಕೊಂಡರು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ 12,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿತು.

ಪಟ್ಟಿಯಲ್ಲಿ ಇಲ್ಲದ್ದು

ಪಟ್ಟಿಯೊಂದಿದ್ದರೆ ಸಾಕೇ? ಇದಕ್ಕೆ ಉತ್ತರ ನಮ್ಮ ಮನೆ ಬಾಗಿಲಲ್ಲೇ ಸಿಕ್ಕಿದೆ. 2009ರ ಜನವರಿ 15ರಂದು ಲಗ್ವಾರ್ಡಿಯಾದಿಂದ ಏರಿದ ಯುಎಸ್ ಏರ್‌ವೇಸ್ 1549ಕ್ಕೆ ಸುಮಾರು 2,800 ಅಡಿ ಎತ್ತರದಲ್ಲಿ ಕೆನಡಾ ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಸೋತವು. ಅಲ್ಲಿಂದ ಹಡ್ಸನ್ ನದಿಯ ನೀರು ಮುಟ್ಟುವವರೆಗೆ ಸಿಕ್ಕಿದ್ದು ಸುಮಾರು ಮೂರೂವರೆ ನಿಮಿಷ. ಸಹಪೈಲಟ್ ಜೆಫ್ರಿ ಸ್ಕೈಲ್ಸ್ ಪಟ್ಟಿ ತೆರೆದು ಓದತೊಡಗಿದರು. ಆದರೆ ಎರಡು ಎಂಜಿನ್ ನಿಂತಾಗಿನ ಆ ಪಟ್ಟಿ ಬಹಳ ಎತ್ತರದಲ್ಲಿ ತೊಂದರೆಯಾದವರಿಗೆಂದು ಮಾಡಿದ್ದು, ಮುಗಿಸುವಷ್ಟು ಸಮಯವೇ ಇರಲಿಲ್ಲ. ಕ್ಯಾಪ್ಟನ್ ಚೆಸ್ಲಿ ಸಲನ್‌ಬರ್ಗರ್ ಪಟ್ಟಿಯಲ್ಲಿ ಬಹಳ ಕೆಳಗಿದ್ದ ಒಂದು ಕೆಲಸವನ್ನು, ಅಂದರೆ ವಿದ್ಯುತ್ ಒದಗಿಸುವ ಸಣ್ಣ ಸಹಾಯಕ ಎಂಜಿನನ್ನು ಶುರುಮಾಡುವುದನ್ನು, ಮೊದಲೇ ಮಾಡಿಬಿಟ್ಟರು. ವಿಮಾನದ ಹಿಡಿತ ತಪ್ಪದೆ ಉಳಿಯಲು ಅದು ನೆರವಾಯಿತು. ವಿಮಾನದಲ್ಲಿದ್ದ 155 ಜನರೂ ಬದುಕಿದರು.

ಇದಕ್ಕೆ ಇಂಗ್ಲಿಷಿನವರು ಏರ್‌ಮನ್‌ಶಿಪ್ ಎನ್ನುತ್ತಾರೆ. ಹಾರಾಟದ ವಿವೇಕ ಎನ್ನೋಣ. ಮೇಷ್ಟ್ರು ಇದನ್ನು ಮೂರು ಮಾತಿನಲ್ಲಿ ಕಲಿಸುತ್ತಾರೆ: ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ರೇಡಿಯೋದಲ್ಲಿ ಯಾರು ಎಷ್ಟು ಕರೆದರೂ ಕೈಯಲ್ಲಿರುವ ವಿಮಾನವನ್ನು ಮರೆಯಬಾರದು.

ವಿವೇಕ ಶುರುವಾಗುವುದು ನೆಲದ ಮೇಲೇ. ಇವತ್ತು ಮೈ ಹುಷಾರಿದೆಯೇ, ಮಾತ್ರೆ ನುಂಗಿದ್ದೇನೆಯೇ, ನಿದ್ದೆ ಆಗಿದೆಯೇ, ಮನಸ್ಸು ಕಲಕಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳುವ ಇನ್ನೊಂದು ಪಟ್ಟಿಯಿದೆ. ಒಂದು ಶನಿವಾರ ಪರೀಕ್ಷೆಗೆ ಓದಿ ನಿದ್ದೆಗೆಟ್ಟು ಹೋದ ಮಗಳನ್ನು ಮೇಷ್ಟ್ರು ವಿಮಾನದ ಹತ್ತಿರವೂ ಬಿಡಲಿಲ್ಲ. ಒಂದೂವರೆ ಗಂಟೆ ಕಾರು ಓಡಿಸಿದ ನನಗೆ ಒಳಗೊಳಗೇ ಸಿಟ್ಟು ಬಂತು. ನ್ಯೂಜೆರ್ಸಿಯ ಮಿತ್ರರಿಗೆ ಕಾಲ್ಡ್‌ವೆಲ್ಲಿನ ಎಸೆಕ್ಸ್ ಕೌಂಟಿ ಏರ್‌ಪೋರ್ಟ್ ಗೊತ್ತಿರಬಹುದು. 1999ರ ಜುಲೈ 16ರ ಸಂಜೆ ಜಾನ್ ಎಫ್. ಕೆನೆಡಿ ಜೂನಿಯರ್ ಅಲ್ಲಿಂದಲೇ ಹೆಂಡತಿ ಮತ್ತು ಆಕೆಯ ಸೋದರಿಯೊಂದಿಗೆ ಹಾರಿದರು. ಕತ್ತಲು, ಮಬ್ಬು, ಕೆಳಗೆ ಸಮುದ್ರ. ದಿಗಂತ ಕಾಣದೆ ಮೇಲು-ಕೆಳಗಿನ ಅಂದಾಜು ತಪ್ಪಿ ಮೂವರೂ ಸತ್ತರು. ಆ ವಿಮಾನದಲ್ಲಿ ದೋಷವಿತ್ತೆಂದು ತನಿಖೆಯಲ್ಲಿ ಕಂಡುಬರಲಿಲ್ಲ. "ಇವತ್ತು ಬೇಡ" ಎನ್ನುವುದು ಎಷ್ಟು ದೊಡ್ಡ ವಿದ್ಯೆ ಎಂದು ಇದನ್ನು ಓದಿದ ಮೇಲೆ ನನ್ನ ಸಿಟ್ಟು ಇಳಿಯಿತು.

ಮತ್ತೊಂದು ಸುತ್ತು

ಈಗ ಆ ಕೇಕೆಯ ವಿಷಯಕ್ಕೆ ಬರುತ್ತೇನೆ. ನಾನು ಹಿಂದೆ ಕೂತ ದಿನದ ಕೊನೆಯ ಸುತ್ತು. ಬಲದಿಂದ ಗಾಳಿ ತಳ್ಳುತ್ತಿತ್ತು. ಕೊನೆಯ ತಿರುವಿನಲ್ಲಿ ವಿಮಾನ ರನ್‌ವೇಯ ನೇರವನ್ನು ದಾಟಿ ಆಚೆ ಹೋಯಿತು. ಇಂಥಲ್ಲಿ ಗಡಿಬಿಡಿಯಿಂದ ಜೋರಾಗಿ ಒಳಕ್ಕೆ ತಿರುಗಿಸುವ ಆಸೆಯಾಗುತ್ತದಂತೆ. ವೇಗ ಕಡಿಮೆ, ಎತ್ತರ ಕಡಿಮೆ, ರೆಕ್ಕೆ ವಾಲಿದೆ. ಆಗ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡರೆ ಸರಿಪಡಿಸಿಕೊಳ್ಳಲು ಕೆಳಗೆ ಜಾಗವಿರುವುದಿಲ್ಲ. ಮಗಳು ಹಾಗೆ ಮಾಡಲಿಲ್ಲ. ನಿಧಾನವಾಗಿ ನೇರಕ್ಕೆ ತಂದಳು. ಆದರೆ ಅಷ್ಟರಲ್ಲಿ ಎತ್ತರ ಹೆಚ್ಚಾಗಿತ್ತು, 65 ನಾಟ್ ಇರಬೇಕಾದ ವೇಗ 80ರ ಹತ್ತಿರವಿತ್ತು. ರನ್‌ವೇ ಉದ್ದವಾಗಿ ಮುಂದೆ ಬಿದ್ದುಕೊಂಡಿತ್ತು. ಹೇಗಾದರೂ ಇಳಿಸಬಹುದು ಎಂದೇ ನನಗೆ ಕಂಡಿತು. ಮೇಷ್ಟ್ರು ಕೈಕಟ್ಟಿ ಕೂತಿದ್ದರು, ತುಟಿ ಬಿಚ್ಚಲಿಲ್ಲ.

"ಗೋ ಅರೌಂಡ್" ಎಂದಳು ಮಗಳು. ಎಂಜಿನ್ ಪೂರ್ತಿ ಶಕ್ತಿಗೆ ಬಂತು, ಕಾರ್ಬುರೇಟರಿನ ಬಿಸಿ ನಿಂತಿತು, ಫ್ಲ್ಯಾಪ್ ಹಂತಹಂತವಾಗಿ ಮೇಲೆ ಹೋಯಿತು. ರನ್‌ವೇ ನಮ್ಮ ಕೆಳಗೆ ಸರಿದುಹೋಯಿತು. ಎಲ್ಲ ನೆಟ್ಟಗಾದ ಮೇಲೆ ಅವಳು ಟವರಿಗೆ ತಿಳಿಸಿದಳು. ಹಾರಿಸು, ದಾರಿ ನೋಡು, ಆಮೇಲೆ ಮಾತಾಡು.

ನನಗೆ ಪಿಚ್ಚೆನಿಸಿತು. ನನ್ನೆದುರಿಗೇ ಹೀಗಾಯಿತಲ್ಲ, ಪಾಪ, ಹುಡುಗಿಗೆ ಬೇಸರವಾಗಿರುತ್ತದೆ ಎಂದುಕೊಂಡೆ. ಜಕ್ಕೂರಿನ ಬೇಲಿ, "ಇವನಿಗೆ ಬರಲ್ಲ ಕಣೋ" ಎಂಬ ಕೇಕೆ ಕಿವಿಯಲ್ಲಿ ಕೇಳಿಸಿತು. ಮುಂದಿನ ಸುತ್ತಿನಲ್ಲಿ ಚೆನ್ನಾಗಿ ಇಳಿದ ಮೇಲೆ ಮೇಷ್ಟ್ರು ಅವಳ ಲಾಗ್‌ಬುಕ್ ತೆಗೆದುಕೊಂಡು ಬರೆಯುತ್ತಾ, ನಾನು ಅವರ ಬಾಯಲ್ಲಿ ಮೊದಲ ಸಲ ಕೇಳಿದ ಹೊಗಳಿಕೆಯ ಮಾತು ಆಡಿದರು: "ಇವತ್ತಿನ ಅತ್ಯುತ್ತಮ ಲ್ಯಾಂಡಿಂಗ್ ಅದು, ನೀನು ಮಾಡದೇ ಬಿಟ್ಟದ್ದು."

ಮನೆಗೆ ಬರುತ್ತಾ ಕಾರಿನಲ್ಲಿ ಮಗಳು ವಿವರಿಸಿದಳು. "ಅಪ್ಪ, ಗಂಪ್ಸ್ ಯಾಕೆ ಮಾಡೋದು ಅಂದ್ಕೊಂಡಿದ್ದೆ? ಇಳಿಯೋಕೆ ಎಂಜಿನ್ ಹೆಚ್ಚು ಬೇಕಾಗೇ ಇಲ್ಲ. ಮಿಕ್ಸ್ಚರ್ ಜಾಸ್ತಿ ಮಾಡೋದು, ಪ್ರೊಪೆಲ್ಲರ್ ಮುಂದೆ ತಳ್ಳೋದು ಎಲ್ಲಾ ವಾಪಸ್ ಮೇಲೆ ಹೋಗ್ಬೇಕಾದ್ರೆ ಪೂರ್ತಿ ಶಕ್ತಿ ಸಿಗಲಿ ಅಂತ. ಇಳಿಯೋ ತಯಾರಿಯಲ್ಲಿ ಅರ್ಧ, ಇಳಿಯದೇ ಹೋಗೋಕೆ ಮಾಡ್ಕೊಳ್ಳೋ ತಯಾರಿ."

ನಾನು ಬಹಳ ಹೊತ್ತು ಮಾತಾಡಲಿಲ್ಲ. ಮನಸ್ಸು ಬಜ್ಪೆಗೆ ಹೋಗಿತ್ತು.

ಬಜ್ಪೆಯ ಬೆಟ್ಟದ ಮೇಲೆ

2010ರ ಮೇ 22ರ ಬೆಳಗಿನ ಜಾವವನ್ನು ಕರಾವಳಿಯ ನಮ್ಮ ಬಂಧುಗಳು ಮರೆಯಲಾರರು. ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯ ಬೆಟ್ಟದ ಮೇಲಿನ ರನ್‌ವೇಯಲ್ಲಿ ನಿಲ್ಲಲಾಗದೆ ಕಣಿವೆಗೆ ಉರುಳಿತು. ಇದ್ದವರು 166, ಸತ್ತವರು 158, ಉಳಿದವರು 8. ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಗಲ್ಫಿನಿಂದ ಬರುವವರಿಗೆ ಕಾಯುತ್ತಾ ಕೂತಿದ್ದರು.

ವಿಮಾನದಲ್ಲಿ ಕೆಡುಕಿರಲಿಲ್ಲ. ತನಿಖಾ ವರದಿಯ ಪ್ರಕಾರ ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು. ಎದ್ದಮೇಲೂ ಮಂಪರು ಪೂರ್ತಿ ಇಳಿದಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿತ್ತು, ಕಡಿದಾಗಿ ಇಳಿಸಲಾಯಿತು. ಯಂತ್ರ ಎಚ್ಚರಿಕೆ ಕೂಗುತ್ತಿತ್ತು. ಸಹಪೈಲಟ್ ಮೂರು ಸಲ "ಗೋ ಅರೌಂಡ್" ಎಂದರು. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು. 8,033 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟುವ ಹೊತ್ತಿಗೆ ಸುಮಾರು 5,200 ಅಡಿ ಹಿಂದೆ ಸರಿದಿತ್ತು. ಆಮೇಲೆ ಮತ್ತೆ ಏರಲು ನೋಡಿದರು, ಕಾಲ ಮಿಂಚಿತ್ತು. ಆ ಮಾತು ಮೊದಲ ಸಲ ಬಂದಾಗಲೇ ಮೇಲೆ ಹೋಗಿ ಮತ್ತೊಂದು ಸುತ್ತು ಹಾಕಿದ್ದರೆ ಖರ್ಚಾಗುತ್ತಿದ್ದದ್ದು ಹತ್ತು ಹದಿನೈದು ನಿಮಿಷ.

ನನ್ನ ತಲೆಮಾರಿನ ಬೆಂಗಳೂರಿನವರಿಗೆ ಇನ್ನೊಂದು ತಾರೀಕೂ ನೆನಪಿರುತ್ತದೆ, 1990ರ ಫೆಬ್ರವರಿ 14. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಜನ ಸತ್ತರು. ನಾನು ಅವತ್ತು ಊರಲ್ಲೇ ಇದ್ದೆ. ಹೊಸ ಏರ್‌ಬಸ್, ಶುಭ್ರ ಆಕಾಶ, ನಡುಹಗಲು. ಎಂಜಿನ್‌ಗಳು ಅತಿ ಕಡಿಮೆ ಶಕ್ತಿಯಲ್ಲಿದ್ದವು, ವೇಗ ಇಳಿಯುತ್ತಲೇ ಹೋಯಿತು, ಗಮನಿಸಿದ್ದು ತಡವಾಯಿತು. ಪೆಟ್ರೋಲು ಗುಬ್ಬಿಯನ್ನು ನೋಡದೆ ಮುಟ್ಟಿದ ಮಗಳ ಕೈ ನನಗೆ ನೆನಪಾಯಿತು.

ಈಗ ವಿಮಾನ ಕಂಪನಿಗಳಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಮೋಡ-ಮಬ್ಬಿನಲ್ಲಿ ಸಾಮಾನ್ಯವಾಗಿ 1,000 ಅಡಿ, ತಿಳಿಯಾಗಿದ್ದರೆ 500 ಅಡಿ. ಅಲ್ಲಿಗೆ ಬರುವಷ್ಟರಲ್ಲಿ ವೇಗ, ದಾರಿ, ಚಕ್ರ, ಫ್ಲ್ಯಾಪ್, ತಪಾಸಣೆ ಎಲ್ಲ ಸರಿಯಿರಬೇಕು. ಇಲ್ಲವಾದರೆ ವಾದವಿಲ್ಲ, ಮೇಲಕ್ಕೆ ಹೋಗಬೇಕು. 74ನೇ ಬೀದಿಯ ಹತ್ತಿರ ಬರುವ ವಿಮಾನ ಆ 500 ಅಡಿಯ ಆಸುಪಾಸಿನಲ್ಲೇ ಇರುತ್ತದೆ. ಮಗಳು ಅವತ್ತು ತಲೆ ಎತ್ತಿ ಹೇಳಿದ್ದು ಇದನ್ನೇ.

ನಾವು ಹೊರನಾಡಿಗೆ ಬಂದು ಬೆವರು ಸುರಿಸಿದವರು. ಮಕ್ಕಳು ಎಲ್ಲವನ್ನೂ ಒಂದೇ ಏಟಿಗೆ ಗೆಲ್ಲಬೇಕು ಎಂಬ ಆಸೆ ನಮಗೆ ಸ್ವಲ್ಪ ಜಾಸ್ತಿಯೇ. ಪರೀಕ್ಷೆ ಮುಂದಕ್ಕೆ ಹಾಕಿದರೆ, ಹಿಡಿದ ಕೋರ್ಸು ಬಿಟ್ಟರೆ, ಒಂದು ವರ್ಷ ತಡವಾದರೆ ನಮ್ಮ ಮುಖ ಸಣ್ಣದಾಗುತ್ತದೆ. ಮಕ್ಕಳು ಅದನ್ನು ನೋಡುತ್ತಾರೆ. "ಅಪ್ಪ ಹಿಂದೆ ಕೂತಿದ್ದಾರೆ, ಹೇಗಾದರೂ ಇಳಿಸಿಬಿಡೋಣ" ಎಂದು ನನ್ನ ಮಗಳಿಗೂ ಅನ್ನಿಸಿರಬಹುದಲ್ಲವೇ? ಕೇಳಿದೆ. "ಒಂದು ಸೆಕೆಂಡ್ ಅನ್ನಿಸ್ತು" ಎಂದಳು. ಆ ಒಂದು ಸೆಕೆಂಡಿನ ಭಾರ ನನ್ನದು ಎಂದು ನಾನು ಒಪ್ಪಿಕೊಳ್ಳಲೇಬೇಕು.

ಒಬ್ಬಳೇ

ಮೂರು ವಾರದ ನಂತರ ಒಂದು ಶನಿವಾರ ಮೇಷ್ಟ್ರು ವಿಮಾನ ನಿಲ್ಲಿಸಿ ಕೆಳಗಿಳಿದರು. "ಮೂರು ಸುತ್ತು ಹಾಕಿ ಬಾ" ಎಂದು ಬಾಗಿಲು ಮುಚ್ಚಿದರು. ನಾನು ಬೇಲಿಯ ಈಚೆ, ನಲವತ್ತು ವರ್ಷದ ಹಿಂದಿನಂತೆಯೇ. ಅವರು ನನ್ನ ಪಕ್ಕದಲ್ಲಿ ಬಂದು ನಿಂತರು. ಎರಡು ಸುತ್ತು ಚೆನ್ನಾಗಿಯೇ ಆಯಿತು. ಮೂರನೆಯದರಲ್ಲಿ ರನ್‌ವೇ ಹತ್ತಿರ ಬಂದ ವಿಮಾನ ಇಳಿಯದೆ ಮೇಲೆ ಹೋಯಿತು. ಈ ಸಲ ನಾನು ಕೇಕೆ ಹಾಕಲಿಲ್ಲ, ಪಿಚ್ಚೆನಿಸಲೂ ಇಲ್ಲ. ಉಸಿರು ಬಿಗಿಹಿಡಿದದ್ದಂತೂ ನಿಜ. ಮೇಷ್ಟ್ರು ತಲೆಯಾಡಿಸಿದರು, ಅಷ್ಟೇ. ನಾಲ್ಕನೇ ಸುತ್ತಿನಲ್ಲಿ ಅವಳು ಇಳಿದಳು.

ಮೊದಲ ಸಲ ಒಬ್ಬರೇ ಹಾರಿ ಬಂದವರ ಅಂಗಿಯ ಹಿಂಭಾಗ ಕತ್ತರಿಸುವ ಪದ್ಧತಿ ಅಮೆರಿಕದಲ್ಲಿದೆ. ಹಿಂದೆ ಮುಂದೆ ಕೂರುವ ಹಳೆಯ ವಿಮಾನಗಳಲ್ಲಿ ಗುರು ಹಿಂದಿನಿಂದ ಶಿಷ್ಯನ ಅಂಗಿ ಜಗ್ಗಿ ಎಚ್ಚರಿಸುತ್ತಿದ್ದರಂತೆ. ಇನ್ನು ಜಗ್ಗಬೇಕಾಗಿಲ್ಲ ಎಂಬ ಅರ್ಥ. ಮೇಷ್ಟ್ರು ಕತ್ತರಿ ಹಾಕಿದ್ದು ಅಜ್ಜಿ ಗಾಂಧಿಬಜಾರಿನಲ್ಲಿ ಕೊಂಡು ಕಳಿಸಿದ್ದ ಕುರ್ತಾಕ್ಕೆ!

ಸಂಜೆ ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆವು. ಕುರ್ತಾದ ವಿಷಯಕ್ಕೆ ಸ್ವಲ್ಪ ಗೊಣಗಿದಳು. ಮೂರನೇ ಸುತ್ತಿನಲ್ಲಿ ಇಳಿಯದೆ ಹೋದದ್ದನ್ನು ಕೇಳಿ, "ಅಯ್ಯೋ, ಯಾಕೆ ಪುಟ್ಟಿ?" ಎಂದಳು.

"ಸರಿಯಿಲ್ಲ ಅನ್ನಿಸ್ತು ಅಜ್ಜಿ. ಇನ್ನೊಂದು ಸಲ ಸುತ್ತಿ ಬಂದೆ."

"ಒಳ್ಳೇದಾಯ್ತು ಬಿಡು," ಎಂದಳು ಅಮ್ಮ. "ನಾನೂ ಹಾಗೇ. ಆಟೋದವನು ಎಷ್ಟು ಬಯ್ದರೂ ಸರಿ, ವಾಪಸ್ ಹೋಗಿ ಬೀಗ ಜಗ್ಗಿಯೇ ಬರೋದು."